ಸೋಂಪಿನ ವಾಸನೆಯ ಅಂಟು

ಕಾಸಾಪಾ, ಪರಗ್ವೆ
ಆಗಸ್ಟ್ 12

ಪ್ರೀತಿಯ ತಂಗಿ ಸುನಿಲ್ದಾ,

ಬ್ಯೂನಸ್ ಐರಿಸ್‌ನಲ್ಲಿ ಚಳಿ ಹೇಗಿದೆ? ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಅಮ್ಮ ಗಟ್ಟಿಯಾಗಿದ್ದಾಳೆ. ನಿನ್ನ ಮಗಳು ಮಿರ್ತಾ ನನ್ನ ಭುಜದೆತ್ತರಕ್ಕೆ ಬಂದಿದ್ದಾಳೆ. ನಾನು ಪಾಠ ಮಾಡುವ ತರಗತಿಯಲ್ಲೇ ಮೊದಲ ಬೆಂಚು.

ನನಗೆ ಮಾತ್ರ ಇಲ್ಲಿ ನೆಮ್ಮದಿಯಿಲ್ಲ. ಮೈನೆರೆಯುವುದು, ಬಸಿರು, ಹೆರಿಗೆ ಇರುವ ಎಂಟನೇ ಪಾಠ ಶುರು ಮಾಡಿದ್ದೇ ತಡ, ಭಾನುವಾರದ ಪೂಜೆಯಲ್ಲಿ ಪಾದ್ರಿಗಳು ಗುಡುಗಿದರು: "ನಮ್ಮೂರ ಟೀಚರಮ್ಮ ಒಬ್ರು ಹೇಳ್ತಾರಂತೆ, ಮಕ್ಳಿಗೆ ಪಾಪದ ಪಟ್ಟಿ ಬಾಯಿಪಾಠ, ತಮ್ಮ ಮೈ ಮಾತ್ರ ಗೊತ್ತಿಲ್ಲ ಅಂತ! ತಾಯಂದಿರೇ, ಆ ಹಾಳೆಗಳನ್ನ ಅಂಟಿಸ್ಬಿಡಿ." ಸೋಮವಾರ ನೋಡಿದರೆ ಎಲ್ಲರ ಪುಸ್ತಕದಲ್ಲೂ ಎಂಟನೇ ಪಾಠ ಮರಗೆಣಸಿನ ಹಿಟ್ಟಿನ ಅಂಟಿಗೆ ಹಲಗೆಯಾಗಿತ್ತು.

ಮಾತು ನನ್ನದೇ. ಆದರೆ ತರಗತಿಯಲ್ಲಿ ಆಡಿದ್ದಲ್ಲ. ಮತ್ತೆ ಚಾಡಿ ಹೇಳಿದವರು ಯಾರು? ಅಂದಿನಿಂದ ಯಾರನ್ನು ಕಂಡರೂ ಅನುಮಾನ. ಪಾದ್ರಿಗಳ ಪರವಾಗಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕಾವಲು ಕೂರುವ ರಮೋನಾಳನ್ನು ಕೇಳಿಯೇಬಿಟ್ಟೆ. ಮಾಟೆ ಕಷಾಯ ಹೀರುತ್ತಲೇ ನಕ್ಕಳು: "ನಾನ್ಯಾಕೆ ಹೇಳ್ಲಿ ಟೀಚರಮ್ಮಾ? ಮೊದ್ಲು ನಿಮ್ಮ ಮನೆ ಒಲೆ ನೋಡ್ಕೊಳ್ಳಿ."

ಆ ಕೊಂಕು ಕೊರೆಯುತ್ತಲೇ ಇತ್ತು. ಮಿರ್ತಾಳ ಪುಸ್ತಕ ಮೂಸಿದೆ. ಸೋಂಪಿನ ವಾಸನೆ! ಚೀಪಾ ರೊಟ್ಟಿಗೆಂದು ಮರಗೆಣಸಿನ ಹಿಟ್ಟಿನ ಡಬ್ಬಿಯಲ್ಲೇ ಸೋಂಪು ಬೆರೆಸಿಡುವವಳು ಊರಿಗೆಲ್ಲ ನಮ್ಮಮ್ಮ ಒಬ್ಬಳೇ. ಕೇಳಿದರೆ, "ನಾನು ಮುದುಕಿ, ಹೇಳಿದ್ದನ್ನ ಮಾಡ್ದೆ ಅಷ್ಟೆ," ಎಂದು ಮುಖ ತಿರುಗಿಸಿದಳು. ಪಾದ್ರಿಗಳಾ ಅಂದರೆ ಅಲ್ಲವೆಂದಳು, ಮತ್ಯಾರೆಂದು ಬಾಯಿಬಿಡಲಿಲ್ಲ.

ಮಿರ್ತಾ ಕಿಲಾಡಿ. ಕುದಿಯುವ ಕೆಟಲಿನ ಹಬೆಗೆ ಪುಸ್ತಕ ಹಿಡಿದು ಒಂದೊಂದೇ ಹಾಳೆ ಬಿಡಿಸಿಕೊಂಡಿದ್ದಾಳೆ. "ದೊಡ್ಡಮ್ಮಾ, ಪೂರ್ತಿ ಓದ್ದೆ. ಇದ್ರಲ್ಲಿ ಪಾಪ ಎಲ್ಲಿದೆ?" ಅಂದಳು. ನಕ್ಕೆ, ಆಮೇಲೆ ಅಳು ಬಂತು.

ಕಾಕುಪೆಯ ದೇವಮಾತೆ ನಿನ್ನನ್ನು ಕಾಯಲಿ. ಕಾಲುಚೀಲ ಹಾಕಿಕೊಂಡು ಮಲಗು, ನಿನಗೆ ಬೇಗ ಶೀತವಾಗುತ್ತದೆ.

ನಿನ್ನ ಅಕ್ಕ,
ಎಲಾದಿಯಾ

ವಿ.ಸೂ.: ಈಗ ನೆನೆದು ನೋಡಿದರೆ, ಪಾಪದ ಪಟ್ಟಿಯ ಆ ತಮಾಷೆಯನ್ನು ನಾನು ಒಬ್ಬರ ಹತ್ತಿರ ಮಾತ್ರ ಆಡಿದ್ದೆ. ಫೋನಿನಲ್ಲಿ, ನಿನ್ನ ಹತ್ತಿರ. ಪಾದ್ರಿಗಳಿಗೂ ಅಮ್ಮನಿಗೂ ಹೇಳಿದವಳು ನೀನೇ. ಸಿಟ್ಟಿಗಿಂತ ನೋವೇ ಹೆಚ್ಚಾಗಿದೆ, ಸುನಿಲ್ದಾ. ಹದಿನಾರಕ್ಕೆ ಮಿರ್ತಾ ನಿನ್ನ ಹೊಟ್ಟೆಯಲ್ಲಿದ್ದಾಗ, "ಅಕ್ಕಾ, ನಂಗೆ ಗಡ್ಡೆ ಆಗಿದೆ, ಸತ್ತೋಗ್ತೀನಿ," ಎಂದು ನನ್ನನ್ನು ತಬ್ಬಿಕೊಂಡು ಅತ್ತಿದ್ದೆಯಲ್ಲ, ಮರೆತೆಯಾ? ನಮ್ಮ ಪುಸ್ತಕದಲ್ಲಿ ಎಂಟನೇ ಪಾಠವೇ ಇರಲಿಲ್ಲ.