ಗುರುವಾರ ಬೇಡವಾದ ಬರ್ಗರ್

ಅಕ್ಕಾ,
ಅಕ್ಕಲಕೋಟದ ಮಾಮಾನ ಮನೆಯಲ್ಲಿ ಆರಾಮಾಗಿದ್ದೇನೆ. ನಮ್ಮ ಅಪ್ಪನಂತೆ ಮಾಮಾನಿಗೂ ಡಾಕ್ಟರು ಮಟನ್ ಕಡಿಮೆ ಮಾಡಲು ಹೇಳಿದ್ದಾರೆ. ಅದಕ್ಕೆ ಮಾಮಾನ ಮಗಳು ಶೀತಲ ಸೋಲಾಪುರದ ನವಿ ಪೇಠದಿಂದ ಎರಡು ಬರ್ಗರ್ ತಂದಳು. ಒಂದು ಮಟನ್ನಿನದು, ಇನ್ನೊಂದು ಸೋಯಾದ್ದು. ಸೋಯಾದ್ದನ್ನು ಮುರಿದರೆ ಒಳಗೆ ಮಾಂಸದ ಹಾಗೆಯೇ ಎಳೆಎಳೆ. ಮಾಮಾ ಎರಡನ್ನೂ ತಿಂದು ಸೋಯಾದ್ದನ್ನೇ ಮಟನ್ ಎಂದರು. ನಾನೂ ಮೋಸಹೋದೆ.

ಇಲ್ಲಿ ಗುರುವಾರ ಊರ ಗುಡಿಯ ಸ್ವಾಮಿಯ ವಾರ, ಮನೆಯಲ್ಲಿ ಮಾಂಸವಿಲ್ಲ. ಶೀತಲ ಅಂದೂ ಸೋಯಾದ್ದನ್ನು ಕೊಟ್ಟರೆ ಮಾಮಾ ತಾಟು ಸರಿಸಿದರು. "ಹೊಟ್ಟಿಗಿ ಸೋಯಾ ಖರೆ, ಆದ್ರ ನಾಲಿಗಿಗಿ ಮಟನ್ ತಿಂದಂಗ ಆಗ್ತದ. ಇವತ್ತ ಬ್ಯಾಡವ್ವಾ."

ಭಾನುವಾರ ಬರುವಾಗ ಅಪ್ಪನಿಗೆ ಸೋಯಾದ್ದು ತರುತ್ತೇನೆ. ತಿಂದಾದ ಮೇಲೆ ಹೇಳೋಣ.

ನಿನ್ನ ತಂಗಿ,
ಮನಿಷಾ

ಅಪ್ಪಾ, ಕಾರ್ಡು ಮೊದಲು ನಿಮ್ಮ ಕೈಗೇ ಸಿಕ್ಕಿದ್ದರೆ, ನಾನು ತರುವುದು ಮಟನ್ನಿನದೇ.