ಎಲೆಕ್ಷನ್ನಿಗೆ ಮುಚ್ಚಿದ ಅಂಗಡಿ

ಕುಣಿಗಲ್
12-1-1983

ಪ್ರೀತಿಯ ತಮ್ಮ ರಾಮಾಂಜಿಗೆ ಅಕ್ಕ ಗಿರಿಯಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಮಿಲಿಟರಿಯವರು ಕೊಟ್ಟ ಕಂಬಳಿ ಸಾಲದೆ ಕೆಮ್ಮು ಹಿಡಿದಿದೆ ಎಂದು ಬರೆದಿದ್ದೆ. ಮೆಣಸು ಜಗಿದೆಯೋ, ಅಕ್ಕನ ಮಾತು ಎಂದು ಗಾಳಿಗೆ ಬಿಟ್ಟೆಯೋ? ನಾನು ಇದ್ದೀನಿ ಅಷ್ಟೆ. ಮಾತಿಗೆ ಒಂದು ನರಪಿಳ್ಳೆ ಇಲ್ಲ. ಒಬ್ಬಳಿಗೆಂದು ಮುದ್ದೆ ತಿರುವಲು ಬೇಸರ, ಬೆಳಗಿನದೇ ರಾತ್ರಿಗೂ ಆಗುತ್ತದೆ. ಪುಟ್ಟಗಂಗೆ ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ. ದೀಪಾವಳಿಯ ಸಂಜೆ, ನಮ್ಮ ಮುಂದಿನ ಕೋಣೆಯ ಸಾರಾಯಿ ಅಂಗಡಿಯಲ್ಲಿ ಕುಡಿದವನೊಬ್ಬ ಅವಳನ್ನು ಬಚ್ಚಲ ಸಂದಿಗೆ ಎಳೆದು ಮಾಡಬಾರದ್ದು ಮಾಡಿದ ಮೇಲೆ, ಮಗಳು ಈ ಹೊಸ್ತಿಲು ತುಳಿದಿಲ್ಲ. "ಆ ಅಂಗ್ಡಿ ಇರೋಗಂಟ ನಾನು ಬರಾಕಿಲ್ಲ ಕಣವ್ವ" ಅಂದಳು. ಸ್ಟೇಷನ್ನಿನಲ್ಲಿ ಆ ಪಾಪಿ "ಕುಡ್ದಿದ್ದೆ ಸಾರ್, ಗೊತ್ತಾಗ್ನಿಲ್ಲ" ಅಂದನಂತೆ. ಏನೂ ಗೊತ್ತಾಗದವನಿಗೆ ಕತ್ತಲೆಯ ಸಂದಿ ಮಾತ್ರ ಹೇಗೆ ಗೊತ್ತಾಯಿತಂತೆ?

ಹೋದ ವಾರ ಎಲೆಕ್ಷನ್ ಎಂದು ಸರ್ಕಾರದವರು ಅಂಗಡಿ ಮುಚ್ಚಿಸಿದ್ದರು. ಜಪ್ತಿಯ ಭಯಕ್ಕೆ ಅಂಗಡಿಯ ಕಂಟ್ರಾಕ್ಟರ್ ಯಲ್ಲಯ್ಯ ಸರಕನ್ನೆಲ್ಲ ಬೇರೆ ಕಡೆ ಸಾಗಿಸಿದ್ದ, ಇನ್ನೂ ವಾಪಸ್ ತಂದಿಲ್ಲ. ಸಂಜೆ ನಲ್ಲಿಯ ಹತ್ತಿರ ಹೆಂಗಸರು ನಗುವುದು ಕೇಳಿಸಿತು ನೋಡು, ಎಷ್ಟು ಕಾಲವಾಗಿತ್ತು! ಒಬ್ಬಳಿಗೊಬ್ಬಳು ಕಾವಲಿಲ್ಲದೆ ಕೊಡ ಹಿಡಿದು ಬಂದಿದ್ದರು. ಕುಡಿಯುವವರೆಲ್ಲ ಕೆಟ್ಟವರು ಅನ್ನುತ್ತಿಲ್ಲ, ನಮ್ಮಪ್ಪನೂ ಕುಡಿಯುತ್ತಿದ್ದ. ಆದರೆ ಓಟಿಗೆಂದು ಮುಚ್ಚಿಸುವ ಬಾಗಿಲನ್ನು ಹೆಣ್ಣುಮಕ್ಕಳಿಗೆಂದು ಮುಚ್ಚಿಸಲು ಬರುವುದಿಲ್ಲವೇ? ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟೆವು: ಮನೆ, ನಲ್ಲಿ ಇರುವ ಕಡೆ ಸಾರಾಯಿ ಅಂಗಡಿ ಬೇಡ, ಕತ್ತಲಾದ ಮೇಲೆ ಎಲ್ಲೂ ತೆರೆಯುವುದು ಬೇಡ ಎಂದು. ಅಬಕಾರಿ ಸಾಹೇಬರು ಓದಿ, "ನಿಮ್ಮ ಕೋಣೇನ ನೀವೇ ಬಾಡಿಗೆಗೆ ಕೊಟ್ಟು ನಮ್ಮನ್ ಕೇಳ್ತೀರಲ್ಲಮ್ಮ" ಅಂದುಬಿಟ್ಟರು. ಅಷ್ಟು ಜನರೆದುರು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬರುವಾಗ ಎಲ್ಲರೂ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದರು.

ನಾಡಿದ್ದು ಸಂಕ್ರಾಂತಿ. ಎಳ್ಳು ಹುರಿಯುವ ಮನಸ್ಸಿಲ್ಲ. ಬೆಚ್ಚಗಿರು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಗಿರಿಯಮ್ಮ

ಮರೆತ ವಿಷಯ: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಮನೆ ನಿನ್ನ ಹೆಸರಿನಲ್ಲಿದೆಯಲ್ಲ, ಕೋಣೆಯ ಹಳೇ ಕರಾರು ಮುಗಿದಿದೆ, ಯಲ್ಲಯ್ಯ ಹೊಸ ವರ್ಷದ ಬಾಡಿಗೆ ಕರಾರು ಪತ್ರವನ್ನು ನಿನಗೇ ಕಳಿಸುತ್ತಾನಂತೆ. ಸಹಿ ಹಾಕಬೇಡ. ಖಾಲಿ ಕೋಣೆಗೆ ನಮ್ಮದೇ ಬೀಗ ಜಡಿದು, ಬೀಗದ ಕೈಯನ್ನು ಪುಟ್ಟಗಂಗೆಗೆ ಕಳಿಸಿಕೊಟ್ಟಿದ್ದೇನೆ. ಸಹಿ ಹಾಕಲೇಬೇಕು ಅನ್ನಿಸಿದರೆ, ಬೀಗದ ಕೈ ಕೊಡು ಎಂದು ಅವಳಿಗೇ ಕಾಗದ ಬರಿ.