ಬಲಗಿವಿಯ ಸೀಳು

೧೪-೩-೧೯೩೮, ಸೋಮವಾರ. ಬೆಳಿಗ್ಗೆ

ಎರಡು ಹೆಣ್ಣು ಮರಿ. ತಾಯಿ, ದೊಡ್ಡವ್ವನ ಬಿಳಿಮೂತಿ ಕುರಿ. ಅಪ್ಪ ಹಿಡಿದುಕೊಂಡ, ನಾನು ಕಿವಿ ಕೊಯ್ದೆ. ಎಡಗಿವಿ.

ಬಲಗಿವಿ ಸೀಳಬೇಕಿತ್ತು. ದೊಡ್ಡವ್ವ ಕಸ್ತೂರೆಮ್ಮ, ತೀರಿಹೋದ ದೊಡ್ಡಪ್ಪನ ಹೆಂಡತಿ, ಲಗ್ನವಾಗಿ ಬರುವಾಗ ತವರಿನಿಂದ ಹನ್ನೆರಡು ಕುರಿ ಹೊಡೆದುಕೊಂಡು ಬಂದವಳು. ಅವುಗಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆಲ್ಲ ಬಲಗಿವಿ ಸೀಳು. ನಮ್ಮ ಮನೆಯವಕ್ಕೆ ಎಡಗಿವಿ. ಕುರಿ ಯಾರದು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಕಿವಿ ನೋಡುತ್ತಾರೆ. ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ.

"ಎಡಕ್ಕ ಹಾಕು," ಅಂದ ಅಪ್ಪ.

"ಇವು ದೊಡ್ಡವ್ವನವು."

"ಆಕಿಗೆ ಕಣ್ಣ ಕಾಣೂದಿಲ್ಲ. ನಾಳೆ ಮಗಳ ಮನಿಗೆ ಹೋದ್ರ ಮಂದಿ ಕುರಿ ಆಗತಾವ. ನಮ್ಮವು ಬ್ಯಾನಿ ಬಂದು ಸತ್ತು. ಅಳವಂಡಿ ಹುಡುಗಿಗೆ ತೆರ ಅಂತ ಎಂಟು ಕುರಿ ಕೇಳ್ಯಾರ. ನಿನ್ನ ಲಗ್ನ ನಿನ್ನ ಬುಕ್ಕು ಮಾಡತೈತೇನು?"

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನುಷ್ಯ, ಮರಿಯ ಕಿವಿಗೆ ಚಾಕು ಇಡಿಸಿದ. ಅವನ ಮೇಲೆ ಸಿಟ್ಟು ಮಾಡುತ್ತಿದ್ದೇನೆ. ಚಾಕು ನನ್ನ ಕೈಯಲ್ಲಿತ್ತು.

೨-೮-೧೯೩೮

ಉಣ್ಣೆ ಕತ್ತರಿಸಿ ಮುಗಿಯಿತು. ನಾಳೆ ಕುಕನೂರು ಸಂತೆ.

ಇನ್ನೂ ಮೂರು ಮರಿ. ದೊಡ್ಡವ್ವನ ಕುರಿಗಳವೇ. ಎಡಗಿವಿ. ಈ ಸಲ ಅಪ್ಪ ಬಾಯಿ ಬಿಟ್ಟು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ.

ಮಧ್ಯಾಹ್ನ ದೊಡ್ಡವ್ವ ಕಂಬ ಹಿಡಿದು ಹೊರಗೆ ಬಂದಳು. "ನನ್ನವು ಈದಾವೇನೋ ಕನಕಾ?"

"ಈದಾವ. ಮರಿ ಉಳೀಲಿಲ್ಲ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ. "ಪಾಪ," ಅಂದಳು. ಕುರಿಗೆ ಅಂದಳೋ, ನನಗೆ ಅಂದಳೋ.

೧೯-೧-೧೯೩೯

ಹುಲಗೆಮ್ಮ ಅಕ್ಕ ಬಂದಿದ್ದಾಳೆ. ದೊಡ್ಡವ್ವನ ಒಬ್ಬಳೇ ಮಗಳು. ಗಂಡ ತೀರಿದ. ಅತ್ತೆ ಮನೆಯವರು ಉಟ್ಟ ಸೀರೆಯ ಮೇಲೆ ಕಳಿಸಿದ್ದಾರೆ. ತಾಯಿಗೂ ಇಲ್ಲ, ಮಗಳಿಗೂ ಇಲ್ಲ, ಗಂಡನ ಹೊಲ ಗಂಡನ ಜೊತೆಗೇ ಹೋಯಿತು.

ಅಪ್ಪ ಊಟಕ್ಕೆ ಕೂತು ಅಂದ: "ಗಂಗಾವತಿ ಕಡೆ ಕೂಲಿ ಸಿಗತೈತಂತ. ನಾಲ್ಕ ದಿನ ಇದ್ದು ಹೋಗಲಿ."

ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ಒಳಗಿಂದ ದೊಡ್ಡವ್ವನ ದನಿ: "ಕೂಲಿಗೆ ಯಾಕ ಹೋಗತಾಳೋ? ನನ್ನ ಕುರಿ ಅದಾವ. ಕಾಯ್ಕೊಂಡು ಇಲ್ಲೇ ಇರತಾಳ."

ಅಪ್ಪ ನನ್ನ ಮುಖ ನೋಡಿದ. ನಾನು ತಾಟು ನೋಡಿದೆ.

ಇವತ್ತೂ ಎರಡು ಮರಿ. ಎಡಗಿವಿ. ಯಾಕೆ ಬರೆಯುತ್ತೇನೋ... ಯಾರಾದರೂ ಓದಿದರೆ ನಾನು ಸತ್ತೆ. ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ.

೬-೧೧-೧೯೩೯. ಸಂಜೆ

ಹತ್ತು ತಿಂಗಳಿಂದ ಬುಕ್ಕು ಸರಿಯಾಗಿ ತೆಗೆದಿಲ್ಲ. ಕೊನೆಯ ಹಾಳೆಯಲ್ಲಿ ತಾರೀಖು, ತಾಯಿಕುರಿ, ಕಿವಿ — ಅಷ್ಟೇ ಗೀಚಿದ್ದೇನೆ. ಇವತ್ತು ಬರೆಯಲೇಬೇಕು.

ಕುರಿ ಹೊಡೆದುಕೊಂಡು ಬಂದೆ. ದೊಡ್ಡಿಯ ಬಾಗಿಲಲ್ಲಿ ದೊಡ್ಡವ್ವ ಕೂತಿದ್ದಳು. ಒಂದೊಂದನ್ನೇ ಒಳಗೆ ಬಿಡು ಅಂದಳು. ಒಂದೊಂದರ ಕಿವಿ ಹಿಡಿದು ನೋಡಿದಳು. ಎಡ. ಬಲ. ಬಿಟ್ಟಳು. ಮುಂದಿನದು. ಕಳ್ಳನ ಜೀವ ಹುಳ್ಳುಳ್ಳಗೆ ಅಂತಾರಲ್ಲ, ನನ್ನದು ಹಾಗಾಗಿತ್ತು.

ಬಿಳಿಮೂತಿಯ ಮರಿ ಬಂತು. ಈಗ ದೊಡ್ಡದಾಗಿದೆ. ಎಡಗಿವಿ ಮುಟ್ಟಿದಳು. ಆಮೇಲೆ ಕೊರಳ ಕೆಳಗೆ ಕೈ ಹಾಕಿದಳು. ಅಲ್ಲಿ ತೊಗಲಿನ ಎರಡು ಲೋಲಾಕು, ಅವಳ ತವರಿನ ತಳಿಗೆ ಮಾತ್ರ ಇರುವಂಥವು. ಬೆರಳು ಅಲ್ಲೇ ನಿಂತಿತು. ಬಹಳ ಹೊತ್ತು.

"ಕನಕಾ, ಆ ಬುಕ್ಕಿನಾಗ ಇನ್ನೂ ಬರೀತಿಯೇನು?"

"ಹೂಂ."

"ಆದದ್ದು ಎಲ್ಲಾ?"

"ಎಲ್ಲಾ."

"ಸುಳ್ಳು?"

"ಅದರಾಗ ಇಲ್ಲವ್ವ."

"ಛಲೋ ಆತು." ಎದ್ದು ಗೋಡೆ ಹಿಡಿದು ಒಳಗೆ ಹೋದಳು.

ಬೈಯಬೇಕಿತ್ತು. ಕೆನ್ನೆಗೆ ಬಾರಿಸಬೇಕಿತ್ತು. ಅಪ್ಪ ಒಲ್ಲೆ ಅಂದಾಗ ತನ್ನ ಎರಡು ಕುರಿ ಮಾರಿ ನನ್ನನ್ನು ಶಾಲೆಗೆ ಹಾಕಿದವಳು ಅವಳು. ಬಲಗಿವಿಯ ಕುರಿಗಳು. ಈ ಅಕ್ಷರ ಆ ಕುರಿಗಳದು. ನನಗೆ ನನ್ನ ಮೇಲೇ ಹೇಸಿಗೆ ಬಂದಿದೆ.

೧೧-೧೨-೧೯೩೯

ಯಲಬುರ್ಗಾದಿಂದ ಅಬ್ದುಲಸಾಬರು ಬಂದಿದ್ದರು, ಕಚೇರಿ ಮುಂದೆ ಕೂತು ಅರ್ಜಿ ಬರೆಯುವವರು. ದೊಡ್ಡವ್ವನೇ ಹೇಳಿ ಕಳಿಸಿದ್ದಳಂತೆ. ವಸೀಯತ್‌ನಾಮಾ ಬರೆಸುತ್ತಾಳೆ. ತಾನು ಸತ್ತ ಮೇಲೆ ತನ್ನದು ಯಾರಿಗೆ ಅಂತ.

ಅಪ್ಪ ನಕ್ಕ. "ಹೊಲ ನಮ್ಮಣ್ಣಂದು, ಮನಿ ನಮ್ಮಣ್ಣಂದು. ಬರಸಾಕ ಏನೈತಿ ನಿನಗ?"

"ನನ್ನ ತವರ ಕುರಿ ಅದಾವಲ್ಲೋ ಮೈದುನಾ. ಹುಲಗಿಗೆ ಬರಸತೀನಿ."

"ಬರಸವ್ವ, ಬರಸು. ಬಲಗಿವಿ ಸೀಳಿದ್ದು ಐದು ಉಳದಾವ."

ನಮ್ಮನ್ನೆಲ್ಲ ಹೊರಗೆ ಕಳಿಸಿದಳು. ಆಮೇಲೆ ಗವಾ, ಅಂದರೆ ಸಾಕ್ಷಿ ಸಹಿ, ಹಾಕಲು ನನ್ನನ್ನೂ ನಮ್ಮ ಕುಲದ ಹಿರಿಯ ವಿರುಪಣ್ಣನನ್ನೂ ಕರೆದರು. ಕಾಗದ ತುಂಬ ಉರ್ದು. ನನಗೆ ಬರುವುದಿಲ್ಲ. ಇರುವೆ ಸಾಲು ಕಂಡಂತೆ ಕಂಡಿತು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು, ವಿರುಪಣ್ಣನೂ ಒತ್ತಿದ. ನಾನು ಕನ್ನಡದಲ್ಲಿ ಸಹಿ ಹಾಕಿದೆ.

"ಅಕ್ಷರ ಭಾಳ ಛಲೋ ಅದಾವ್ರಿ ನಿಮ್ಮವು," ಅಂದರು ಅಬ್ದುಲಸಾಬರು. ಒಂಥರಾ ನೋಡಿದರು. ಯಾಕೋ.

೩-೨-೧೯೪೦

ದೊಡ್ಡವ್ವ ಹೋದಳು. ಮಧ್ಯಾಹ್ನ. ಹುಲಗೆಮ್ಮ ಅಕ್ಕನ ತೊಡೆಯ ಮೇಲೆ.

ತಪ್ಪಾಯಿತು ಅನ್ನಲು ಮೂರು ತಿಂಗಳಿತ್ತು. ಅನ್ನಲಿಲ್ಲ.

೧೪-೨-೧೯೪೦

ದೊಡ್ಡವ್ವನ ದಿನಕರ್ಮ ಮುಗಿದು ಪಂಚರು ಸೇರಿದರು. ಅಬ್ದುಲಸಾಬರು ಕಾಗದ ಬಿಚ್ಚಿ ಉರ್ದುವಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಓದಿದರು. ತವರ ಕುರಿ, ಅವುಗಳ ಹೊಟ್ಟೆಯಲ್ಲಿ ಹುಟ್ಟಿದ್ದು, ಎಲ್ಲ ಮಗಳು ಹುಲಗೆಮ್ಮಗೆ. ಅಪ್ಪ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಇನ್ನೊಂದು ಮಾತು ಐತ್ರಿ," ಅಂದರು. "'ಯಾವ ಕುರಿ ನನ್ನವು ಅನ್ನೂದನ್ನ ಕಿವಿ ನೋಡಿ ಹೇಳಬ್ಯಾಡ್ರಿ. ನನ್ನ ಮೈದುನನ ಮಗ ಕನಕಪ್ಪನ ಬುಕ್ಕಿನಾಗ ಐತಿ. ಅವ ಓದಿದ್ದ ಖರೆ.'"

ಅಪ್ಪನ ಕೈಯಲ್ಲಿ ಎಲೆ ಹಾಗೇ ಉಳಿಯಿತು. ಕೆಳಗೆ ನನ್ನ ಸಹಿ. ನನ್ನನ್ನೇ ಹಿಡಿದುಕೊಡುವ ಕಾಗದಕ್ಕೆ ನಾನೇ ಗವಾ ಹಾಕಿದ್ದೆ!

"ನಾಳೆ ಮುಂಜಾನೆ ಬುಕ್ಕು ತಗೊಂಡು ಬಾರಪ," ಅಂದ ವಿರುಪಣ್ಣ.

ಮನೆಗೆ ಬಂದ ಮೇಲೆ ಅಪ್ಪ: "ಒಲಿಗೆ ಹಾಕು." ನಾನು ಬುಕ್ಕನ್ನು ಕಂಕುಳಲ್ಲಿ ಅವುಚಿಕೊಂಡೆ. ಸ್ವಲ್ಪ ಹೊತ್ತಿಗೆ ಮೆತ್ತಗಾದ. "ಹಾಕೂದೂ ಬ್ಯಾಡ. ಊರಾಗ ಕನ್ನಡ ಓದಾಕ ನೀ ಒಬ್ಬನ, ಸಾಬರಿಗೆ ಉರ್ದು ಅಷ್ಟ ಬರತೈತಿ. ಐದು ಕುರಿ ಅಂತ ಓದು. ಯಾರಿಗೆ ತಿಳೀತೈತಿ?" ಆಮೇಲೆ ಅವನ ದನಿ ಒಡೆಯಿತು. "ನಾ ಯಾರ ಸಲುವಾಗಿ ಮಾಡೀನಿ ಹೇಳು. ನನ್ನ ಹೊಟ್ಟಿಗೇನು?"

ಅದೂ ಖರೆ. ಓದಿದರೆ ಅಳವಂಡಿ ಸಂಬಂಧ ಮುರಿಯುತ್ತದೆ. ಅಪ್ಪನನ್ನು ಕುಲದವರು ಜೊತೆಗೆ ಕೂರಿಸಿಕೊಳ್ಳುವುದಿಲ್ಲ. ನನ್ನನ್ನೂ.

ಓದಲು ಬರುವವನು ನಾನೊಬ್ಬನೇ ಅಂತ ದೊಡ್ಡವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಬರೆಸಿದಳು.

ಹುಲಗೆಮ್ಮ ಅಕ್ಕ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾಳೆ, ಗಂಗಾವತಿಗೆ ಹೋಗಲು. ನಮ್ಮಿಬ್ಬರಿಗೂ ರೊಟ್ಟಿ ಹಾಕಿದಳು.

೧೫-೨-೧೯೪೦. ಬೆಳಿಗ್ಗೆ

ಪಂಚರು ಅಂಗಳದಲ್ಲಿ ಕೂತಿದ್ದಾರೆ. ಕುರಿ ಮೇಯಲು ಬಿಟ್ಟಿಲ್ಲ, ಒದರುತ್ತಿವೆ. ಅಪ್ಪ ಬಾಗಿಲಲ್ಲಿ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಾನೆ. ಆ ಬೆನ್ನು ನೋಡಿದರೆ ಕರುಳು ಕಿತ್ತು ಬರುತ್ತದೆ. ಆ ಗಂಟು ನೋಡಿದರೂ.

ವಿರುಪಣ್ಣ ಕರೆಯುತ್ತಿದ್ದಾನೆ. ಎರಡನೇ ಸಲ.

ಮೊದಲ ಹಾಳೆ ತೆಗೆದಿಟ್ಟುಕೊಂಡಿದ್ದೇನೆ. ದನಿ ಏಳುತ್ತದೋ ಇಲ್ಲವೋ, ಇಲ್ಲೇ ಒಮ್ಮೆ ಬರೆಯುತ್ತಾ ಓದಿ ನೋಡುತ್ತೇನೆ. ಹದಿನಾಲ್ಕನೇ ಮಾರ್ಚ್, ಸೋಮವಾರ. ಎರಡು ಹೆಣ್ಣು ಮರಿ. ತಾಯಿ, ದೊಡ್ಡವ್ವನ ಬಿಳಿಮೂತಿ ಕುರಿ. ಅಪ್ಪ ಹಿಡಿದುಕೊಂಡ, ನಾನು